ಹಿಂದಿನ ಕೋಣೆಗೆ ಯಾವ ಬಣ್ಣ

…ಬ್ಯಾಡ ಕಣವ್ವ, ಆ ಹಸಿರು ಬ್ಯಾಡ. ಪಡಸಾಲೆಗೆ ಅದನ್ನ ಒಡ್ಸುಬುಟ್ರೆ ಪಂಚಾಯ್ತಿ ಆಫೀಸ್ ಇದ್ದಂಗೆ ಇರ್ತದೆ. ಬಂದೋರು ಅರ್ಜಿ ಎಲ್ಲಿ ಕೊಡ್ಬೇಕು ಅಂತ ಕೇಳ್ತಾರೆ ಅಷ್ಟೆ… ನಗ್ತೀಯಾ? ನಗು. ನೀನು ಈ ಮನೇಲಿ ನಕ್ಕಿದ್ನ ನಾನು ನೋಡಿ ಎಷ್ಟು ಕಾಲ ಆಗಿತ್ತೋ.

ಬಾ, ಕಿಟಕಿ ಅತ್ರ ಬಾ, ಬಣ್ಣದ ಕಾರ್ಡ್‌ನ ಬೆಳಕಿಗೆ ಇಡ್ಕೊ. ಬಣ್ಣ ಬಳ್ಯೋ ಚೆಲುವರಾಜು ಊಟಕ್ಕೆ ಓಗವ್ನೆ. ವಾಪಸ್ ಬಂದೇಟ್ಗೆ ಯಾವ ರೂಮಿಗೆ ಯಾವ ಬಣ್ಣ ಅಂತ ಯೋಳ್ಬೇಕಂತೆ, ಪಿರಿಯಾಪಟ್ಣದಿಂದ ಇವತ್ತೇ ಡಬ್ಬ ತರ್ಬೇಕಂತೆ. ಶುಕ್ರವಾರ ಕೊಳ್ಳೋರು ಇನ್ನೊಂದ್ಸಲ ನೋಡಕ್ಕೆ ಬತ್ತಾರೆ. ಸೋಮವಾರ ರಿಜಿಸ್ಟ್ರಿ. ನಿಮ್ಮ ಚಿಕ್ಕಪ್ಪಂದೊಂದು ಸೈನು, ನಿಂದೊಂದು ಸೈನು, ಅಲ್ಲಿಗೆ ಮುಗೀತು. ನಾನು ಈ ಮನೆ ಬಾಗ್ಲು ಗುಡ್ಸಿ ನೀರಾಕಿದ್ದೂ ಮುಗೀತು, ನೀನು ಭಾನುವಾರ ಭಾನುವಾರ ಬಂದು ಓಗಿದ್ದೂ ಮುಗೀತು.

ಏನು ಮುಖ ಅಂಗ್ ಮಾಡ್ತೀಯ? ಸುಳ್ಳಾ? ಹನ್ನೊಂದು ಗಂಟೆ ಬಸ್ಸಿಗೆ ಬರೋಳು, ಮೂರು ಗಂಟೆ ಬಸ್ಸಿಗೆ ಓಗೋಳು. ಒಂದು ಪೊಟ್ಣ ಬ್ರೆಡ್ಡು, ನಾಕು ಕಿತ್ತಳೆ. ನೀನಿರೋ ಕೊಪ್ಪ ಏನು ಕಾಶಿನಾ ಕಾವ್ಯ? ನಮ್ಮ ಕಂಪಲಾಪುರದಿಂದ ಮುಕ್ಕಾಲು ಗಂಟೆ ದಾರಿ. ಸ್ಕೂಲು, ಪರೀಕ್ಷೆ, ಪೇಪರ್ ತಿದ್ದೋದು… ಗೊತ್ತು ಕಣವ್ವ, ಗೊತ್ತು. ಟೀಚರ್ ಕೆಲ್ಸ ಅಂದ್ರೆ ಇದ್ದದ್ದೆ. ನಂಗೆ ಕೆಲ್ಸ ಇರ್ಲಿಲ್ಲ ನೋಡು, ಅದಕ್ಕೆ ನಿಮ್ಮವ್ವನ್ನ ಎಂಟು ವರ್ಷ ನೋಡ್ಕೊಂಡೆ.

ಬುಡು, ಜಗಳಕ್ಕಲ್ಲ ಕರ್ಸಿದ್ದು. ಬಣ್ಣ ನೋಡು.

ಇದು ನೋಡು, ಕ್ರೀಮು. ಕೊಳ್ಳೋರ ಎಂಡ್ತಿ ಅವ್ಳಲ್ಲ, ಬೃಂದಾ ಅಂತ, ಆಯಮ್ಮ ಇದೇ ಬೇಕು ಅಂದ್ಲು. ಪಡಸಾಲೆ, ಅಡುಗೆಮನೆ, ರೂಮು ಎಲ್ಲಾ ಒಂದೇ. ಆಯಮ್ಮ ಮನೆ ನೋಡಕ್ಕೆ ಬಂದಿದ್ಲೋ ಮೂಸಕ್ಕೆ ಬಂದಿದ್ಲೋ ದೇವರಿಗೇ ಗೊತ್ತು. ಗೋಡೆ ಗೋಡೆಗೂ ಮೂಗು ತಾಗ್ಸಿ, "ಇಲ್ಲಿ ಯಾರಿದ್ರು? ಇಲ್ಲಿ ಯಾರು ಮಲಗ್ತಿದ್ರು?" ಅಂತ. ಕೊನೆಗೆ ಕೇಳೇ ಬುಟ್ಲು, "ಸುಧಾ ಅವ್ರೆ, ಈ ಮನೇಲಿ ಯಾರಾದ್ರೂ ತೀರ್ಕೊಂಡವ್ರಾ?" ಅಂತ. ಏನಂತ ಯೋಳ್ಲಿ? ಮನೆ ಅಂದ್ಮೇಲೆ ಉಟ್ಟೋರು ಉಟ್ತಾರೆ, ಸಾಯೋರು ಸಾಯ್ತಾರೆ. "ನಮ್ಮಕ್ಕ, ನಮ್ಮ ಭಾವನ ಎಂಡ್ತಿ ಸಾಕಮ್ಮ ಅಂತ. ವಯಸ್ಸಾಗಿತ್ತು. ಇಲ್ಲೇ ಪಡಸಾಲೇಲಿ, ಎಲ್ರ ಮುಂದೆ, ನೆಮ್ಮದಿಯಾಗಿ ಓದ್ರು" ಅಂದೆ. ಆಮೇಲೆ ಆಯಮ್ಮ ಮೂಸೋದು ಬುಟ್ಲು.

ಇಲ್ಲೇ ಅಲ್ವಾ. ಈ ಕಂಬದ ಅತ್ರ. ಎಷ್ಟು ಸಲ ಯೋಳಿದೀನಿ ನಿಂಗೆ. ತಲೆ ನನ್ನ ತೊಡೆ ಮೇಲಿತ್ತು. ತುಳಸಿ ನೀರು ಬಿಟ್ಟೆ, ಎರಡು ಗುಟುಕು ಕುಡುದ್ರು. "ಕಾವ್ಯ ಬಂದ್ಲಾ?" ಅಂದ್ರು. "ಬತ್ತಾವ್ಳೆ ಅಕ್ಕ, ಬಸ್ಸಲ್ಲವ್ಳೆ" ಅಂದೆ. ಅಷ್ಟೆ. ಬೆಳಗ್ಗಿಂದ ನಾನು ಒಂದು ಲೋಟ ಕಾಫಿ ಕುಡ್ದಿರ್ಲಿಲ್ಲ ಅವತ್ತು, ಪಕ್ಕದಿಂದ ಎದ್ದಿರ್ಲಿಲ್ಲ…

ಅಳ್ಬೇಡ ಕಣವ್ವ. ಮೂರು ವರ್ಷ ಆಯ್ತು. ಕಾರ್ಡ್ ಮೇಲೆ ಕಣ್ಣೀರು ಬೀಳ್ಸಿದ್ರೆ ಅಂಗಡಿಯೋನು ಕಾಸು ಕೇಳ್ತಾನೆ.

ಅಡುಗೆಮನೆಗೆ ಏನು ಮಾಡಾನ? ಆ ನೀಲಿ ನಿಮ್ಮವ್ವನೇ ಒಡ್ಸಿದ್ದು, ನಾನು ಈ ಮನೆಗೆ ಬಂದ ವರ್ಷ. ನಂಗೆ ಇಷ್ಟ ಇರ್ಲಿಲ್ಲ. ಯಾರು ಕೇಳ್ತಾರೆ ಕಿರಿಸೊಸೇನ? "ನೀಲಿ ಇದ್ರೆ ಹೊಗೆ ಕಾಣಲ್ಲ ಸುಧಾ" ಅಂದ್ರು. ಕಂಡ್ತು. ಉಜ್ಜಿದ್ದೂ ನಾನೇ. ಆದ್ರೂ ಈಗ ಚೆಲುವರಾಜು ಉಜ್ಜು ಕಾಗದ ಇಡ್ಕೊಂಡು ಕೆರೀವಾಗ ಆಚೆ ಓಗಿ ನಿಂತ್ಕೊಂಡೆ, ನೋಡಕ್ಕಾಗ್ಲಿಲ್ಲ. ಅದ್ಯಾಕೋ ಗೊತ್ತಿಲ್ಲ. ಇಬ್ರೂ ಸೇರಿ ಆ ಅಡುಗೆಮನೇಲಿ ಸುರಿಸಿದ ಬೆವ್ರು, ಆಡ್ಕೊಂಡ ಜಗಳ… ಹೂಂ. ಅದಕ್ಕೂ ಕ್ರೀಮೇ ಇರ್ಲಿ.

ಕಾವ್ಯ? ಅಲ್ಲಿಗ್ಯಾಕೆ ಓಯ್ತಿದೀಯ?

ಅಲ್ಲಿ ಏನೂ ಇಲ್ಲ ಕಣವ್ವ. ಇಂದಲ ಕೋಣೆ. ಹೊಗೆಸೊಪ್ಪು ಬೇಯ್ಸಿ ಒಣಗ್ಸಿ ತಂದು ಗಂಟು ಕಟ್ಟಿ ಇಡ್ತಿದ್ದ ಕೋಣೆ, ನಿಂಗೆ ಗೊತ್ತಿಲ್ವಾ? ಚಿಕ್ಕವಳಿದ್ದಾಗ ಸೊಪ್ಪಿನ ಘಾಟಿಗೆ ಸೀನ್ತಾ ಆಚೆ ಓಡಿ ಬರ್ತಿದ್ದೆ. ಅದಕ್ಕೆ ಬಣ್ಣ ನಾನೇ ಆರ್ಸಿದೀನಿ, ನೀನು ತಲೆ ಕೆಡ್ಸ್ಕೋಬೇಡ. ಚಾಕ್ಲೇಟ್ ಬಣ್ಣ.

ಮನೆಗೆಲ್ಲ ಕ್ರೀಮು, ಅದೊಂದಕ್ಕೆ ಯಾಕೆ ಚಾಕ್ಲೇಟು ಅಂತೀಯಾ? ಕಲೆ ಅದೆ ಅದಕ್ಕೆ. ಸೊಪ್ಪಿನ ಕಲೆ. ಚೆಲುವರಾಜು ಮೊನ್ನೆ ಅವನ ಅತ್ರ ಉಳ್ದಿದ್ದ ಕ್ರೀಮ್ ಬಳ್ದ, ಸಂಜೇಗೆ ಎದ್ದು ಬಂತು. ನಿನ್ನೆ ಇನ್ನೊಂದ್ಸಲ ಬಳ್ದ. ಬೆಳಗ್ಗೆ ನೋಡಿದ್ರೆ ಅದೇ ಜಾಗ, ಅದೇ ಆಕಾರ. "ಎಣ್ಣೆ ಕುಡ್ದದೆ ಅಮ್ಮ ಗೋಡೆ, ಕೆತ್ತಿ ತೆಗೀದೆ ಓಗಲ್ಲ" ಅಂದ. ಸೋಂಬೇರಿ. ಕೆತ್ತದೂ ಬ್ಯಾಡ ಏನೂ ಬ್ಯಾಡ, ಕಪ್ಪು ಬಣ್ಣ ಏನಾದ್ರೂ ಒಡಿ ಅಂದೆ.

ಬಾ ಈಚೆಗೆ. ಅಲ್ಲಿ ಬೆಳಕೂ ಇಲ್ಲ. ಕಿಟಕಿ ಇಲ್ದಿರೋ ಕೋಣೇಲಿ ಬಣ್ಣ ಏನು ನೋಡ್ತೀಯ?

ಯಾಕೆ ಅಂಗೆ ಬಾಗ್ಲಲ್ಲೇ ನಿಂತೆ?

ಅದಾ… ಚಿಲಕ. ಆಚೆ ಕಡೆ ಮಾತ್ರ ಅದೆ, ಹೌದು. ಸೊಪ್ಪಿನ ಕೋಣೆ ಅಲ್ವಾ, ಸೊಪ್ಪು ಒಳಗಿಂದ ಚಿಲಕ ಆಕ್ಕೊಂಡಾತೇ? ನಿಮ್ಮ ತಾತ ಇದ್ದಾಗಿಂದ್ಲೂ ಅಂಗೇ ಅದೆ. ನಾನೇನು ಒಸದಾಗಿ ಆಕ್ಸಿಲ್ಲ.

ನಿಂಗೇನು ಗೊತ್ತು ಕಾವ್ಯ? ನಿಂಗೆ ಭಾನುವಾರದ ಅವ್ವ ಗೊತ್ತು. ತಲೆ ಬಾಚಿ, ಒಗ್ದ ಸೀರೆ ಉಡ್ಸಿ, ಕುರ್ಚಿ ಮೇಲೆ ಕುಂಡ್ರಿಸಿದ ಅವ್ವ. ನಂಗೆ ಮಿಕ್ಕ ಆರು ದಿನದ ಸಾಕಮ್ಮ ಗೊತ್ತು. ಬಚ್ಚಲು ಯಾವ್ದು ಅಡುಗೆಮನೆ ಯಾವ್ದು ಮರ್ತೋಗಿತ್ತು. ನನ್ನನ್ನ "ಯಾರವ್ವ ನೀನು, ಯಾವೂರು?" ಅಂತ ಕೇಳೋರು, ನಾನು ಮೈ ತೊಳೀತಿರುವಾಗ್ಲೇ. ಒಂದ್ಸಲ ಕೈ ಕಚ್ಚಿದ್ರು, ನೋಡಿಲ್ಲಿ, ಗುರುತಿನ್ನೂ ಅದೆ. ನಿಂಗೆ ತೋರ್ಸಿದ್ನಾ ಇದ್ನ? ತೋರ್ಸ್ಲಿಲ್ಲ. ನಿಮ್ಮ ಚಿಕ್ಕಪ್ಪ, ಮಹಾನುಭಾವ, "ಅತ್ತಿಗೆ ಚೆನ್ನಾಗವ್ರೆ" ಅಂತ ಟೀ ಅಂಗಡೀಲಿ ಊರಿಗೆಲ್ಲ ಯೋಳ್ಕೊಂಡು ಕುಂತಿರೋರು.

ಅದೂ ಆಯ್ತು. ಅದನ್ನೂ ತಡ್ಕೊಂಡೆ. ಆಮೇಲೆ ಮನೆ ಬುಟ್ಟು ಓಗಕ್ಕೆ ಶುರು ಮಾಡಿದ್ರು. ಎಲ್ಲಿಗೆ? ಬಸ್ ಸ್ಟಾಪಿಗೆ. "ಕಾವ್ಯ ಬತ್ತಾಳೆ, ಹನ್ನೊಂದು ಗಂಟೆ ಬಸ್ಸಿಗೆ ಬತ್ತಾಳೆ." ಸೋಮವಾರವೂ ಓಗೋರು, ಬುಧವಾರವೂ ಓಗೋರು. ಮೈಸೂರು ಮಡಿಕೇರಿ ರೋಡು, ಲಾರಿ ನಿಂತ್ಕೊತದಾ ಮುದುಕೀಗೆ? ಒಂದಿನ ರೋಡಿನ ಮಧ್ಯೆ ನಿಂತ್ಕೊಂಡು ಬಸ್ಸಿಗೆ ಕೈ ಅಡ್ಡ ಇಡ್ಕೊಂಡವ್ರೆ. ಡ್ರೈವರ್ ಇಳ್ದು ಬಂದು ನನ್ನ ಬಾಯಿಗೆ ಬಂದಂಗೆ ಬೈದ. ನನ್ನ. "ಮನೇಲಿ ಯಾರೂ ಇಲ್ವೇನಮ್ಮ ನೋಡ್ಕೊಳ್ಳೋರು" ಅಂದ. ಜನ ಎಲ್ಲ ನೋಡ್ತಾ ನಿಂತಿದ್ರು.

ನಿಂಗೆ ಯೋಳಿದ್ರೆ ಏನಾಗೋದು? ನೀನು ಕರ್ಕೊಂಡೋಯ್ತಿದ್ದಾ ಕೊಪ್ಪಕ್ಕೆ? ಬಾಯ್ಬುಟ್ಟು ಯೋಳು. ಕರ್ಕೊಂಡೋಯ್ತಿದ್ದಾ?

…ನೆಲ ನೋಡ್ಬೇಡ. ಉತ್ರ ನಂಗೂ ಬ್ಯಾಡ.

ಎಂಟು ವರ್ಷ ನಾನು ಯಾರ ಮದ್ವೆಗೆ ಓದೆ, ಯಾವ ಹಬ್ಬಕ್ಕೆ ತವರಿಗೆ ಓದೆ? ನಮ್ಮವ್ವ ಕಣ್ಮುಚ್ಚಿದಾಗ ಬೆಳಗ್ಗೆ ಓಗಿ ಸಂಜೆ ವಾಪಸ್ ಬಂದಿದೀನಿ. ಒಂದೇ ಒಂದು ದಿನ ನನಗೆ ಅಂತ… ರಾವಂದೂರಲ್ಲಿ ನನ್ನ ತಂಗಿ ಮಗಳು ಪವಿತ್ರನ ಸೀಮಂತ. ಅಲ್ಲಿ ತಿಂದ ಒಬ್ಬಟ್ಟೇ ಕೊನೆ ನೋಡು, ಅವತ್ತಿಂದ ಇವತ್ತಿನವರ್ಗೂ ಒಬ್ಬಟ್ಟು ಅಂದ್ರೆ ಗಂಟ್ಲಲ್ಲಿ ಇಳಿಯಲ್ಲ ನಂಗೆ.

ಏನು?

ಯಾಕೆ ಅಂಗ್ ನೋಡ್ತಿದೀಯ?

ಸೀಮಂತ ಯಾವತ್ತು ಅಂದ್ರೆ… ಯಾವತ್ತೋ ಒಂದಿನ. ಅವತ್ತಿಂದ ಅಂದ್ನಾ? ಅಂದಿರ್ಬೇಕು, ಬಾಯಿಗೆ ಬಂದಿದ್ದು ಅಂದಿರ್ತೀನಿ. ಅಕ್ಕ ಓದ ದಿನ ನಾನು ಅವ್ರ ಪಕ್ಕದಿಂದ ಎದ್ದೇ ಇಲ್ಲ. ಕಾಫಿನೂ ಕುಡ್ದಿರ್ಲಿಲ್ಲ ಅಂತ ಯೋಳಿದ್ನಲ್ಲ ಈಗ…

ಕಾವ್ಯ, ಗೋಡೆ ಮುಟ್ಬೇಡ. ಬಣ್ಣ ಒಣಗಿಲ್ಲ.

ಯಾಕೆ ಬಗ್ಗಿದೆ? ಬೆರಳಿಟ್ಟು ಏನು ನೋಡ್ತಿದೀಯ ಅದ್ರ ಸುತ್ತ? ಸೊಪ್ಪಿನ ಕಲೆ ಅಂದ್ನಲ್ಲ. ಮೊಣಕಾಲೆತ್ತರಕ್ಕೆ ಸೊಪ್ಪಿನ ಗಂಟು ತಾಗಿ… ಕೆಳಗೆ ಅಗಲ, ಮೇಲೆ ಚೂಪು… ಗಂಟು ಅಂಗೇ ಇರ್ತದೆ…

ಇರಲ್ಲ. ಗೊತ್ತು. ನೀನು ಈ ಮನೆ ಮಗಳು, ನಿಂಗೂ ಗೊತ್ತು.

ಬಾಯ್ಬುಟ್ಟು ಕೇಳ್ಬಾರ್ದಾ? ಬೈಯಿ, ಕಿರುಚು, ಏನಾದ್ರೂ ಮಾಡು. ಇಂಗೆ ಸುಮ್ನೆ ಇರ್ಬೇಡ. ನಿಮ್ಮವ್ವನೂ ಇಂಗೇ, ಜಗಳ ಆಡಿದ ದಿನ ಸುಮ್ನೆ ಇದ್ದು ಇದ್ದೇ ನನ್ನ ಸಾಯಿಸೋರು.

ದೀಪದ ಮಸಿ ಕಣವ್ವ ಅದು. ಹರಳೆಣ್ಣೆ ದೀಪದ ಮಸಿ.

ಉಸಿರು ಓದ ಜಾಗದಲ್ಲಿ ತಿಥಿ ಆಗೋಗಂಟ ದೀಪ ಆರ್ಬಾರ್ದು. ಬೇರೆ ಕಡೆ ಇಟ್ರೆ ಓದ ಜೀವ ಕತ್ತಲಲ್ಲಿ ಸುತ್ತಾಡ್ತದೆ ಅಂತ ನಮ್ಮತ್ತೆ ಯೋಳ್ತಿದ್ರು. ಪಡಸಾಲೇಲಿ ಕಂಬದ ಅತ್ರ ಇಟ್ಟಿದ್ದು ನೆಂಟರಿಗೆ. ಇಲ್ಲಿ ಇಟ್ಟಿದ್ದು ಅಕ್ಕನಿಗೆ. ಹನ್ನೊಂದು ದಿನ ಯಾರಿಗೂ ಕಾಣ್ದಂಗೆ ಬಾಗ್ಲು ಮುಚ್ಚಿ, ಎಣ್ಣೆ ಉಯ್ದಿದೀನಿ. ನೀನು ಆ ಕಂಬದ ಅತ್ರ ಕೂತ್ಕೊಂಡು ಸುಳ್ಳು ದೀಪದ ಮುಂದೆ ಅಳ್ತಿದ್ದೆ. ನಾನು ಅಡುಗೆಮನೆಗೆ ಓಯ್ತೀನಿ ಅಂತ ಯೋಳಿ ಇಲ್ಲಿಗೆ ಬರ್ತಿದ್ದೆ. ಇಡದೆ ಇದ್ದಿದ್ರೆ ಇವತ್ತು ಗೋಡೆ ಮೇಲೆ ಏನೂ ಇರ್ತಿರ್ಲಿಲ್ಲ, ನಿಂಗೂ ಗೊತ್ತಾಗ್ತಿರ್ಲಿಲ್ಲ. ಇಡದೆ ಎಂಗಿರ್ಲಿ?

ಸೀಮಂತಕ್ಕೆ ಓಗುವಾಗ ಬೆಳಗ್ಗೆ ಒಂಬತ್ತಕ್ಕೆ ಚಿಲಕ ಆಕ್ದೆ. ಒಳಗೆ ಹಾಸಿಗೆ ಆಕಿದ್ದೆ, ಚೊಂಬಲ್ಲಿ ನೀರಿಟ್ಟಿದ್ದೆ, ತಟ್ಟೇಲಿ ಇಡ್ಲಿ ಇಟ್ಟಿದ್ದೆ. ಲೈಟು ಆಕಿದ್ದೆ. ನಿಮ್ಮ ಚಿಕ್ಕಪ್ಪ ಹನ್ನೆರಡಕ್ಕೆ ಬಂದು ಬಾಗ್ಲು ತೆಗೀತೀನಿ ಅಂದಿದ್ರು. ಮರ್ತ್ರು. ಮರೆವು ನಿಮ್ಮವ್ವನಿಗೆ ಮಾತ್ರ ಅಂದ್ಕೊಂಡಿದ್ದೆ. ನಾನು ನಾಕು ಗಂಟೆಗೆ ಬಂದೆ, ರೇಶ್ಮೆ ಸೀರೇಲೇ ಬಂದೆ, ಅಕ್ಕನಿಗೆ ಅಂತ ಸೆರಗಲ್ಲಿ ಒಬ್ಬಟ್ಟು ಕಟ್ಕೊಂಡು ಬಂದಿದ್ದೆ. ಚಿಲಕ ತೆಗ್ದು ತಳ್ಳಿದ್ರೆ ಬಾಗ್ಲು ಬರ್ಲಿಲ್ಲ. ಒಳಗಿಂದ ಏನೋ ಅಡ್ಡ… ಒರಗಿ ಕೂತಿದ್ರು ಬಾಗ್ಲಿಗೆ.

ತಟ್ಟಿರ್ಬೇಕು. ಅಂಗೈ ಕೆಂಪಗಿತ್ತು.

ನಿಮ್ಮ ಚಿಕ್ಕಪ್ಪನ್ನ ಕರ್ಸಿ, ಇಬ್ರೂ ಎತ್ಕೊಂಡು ಪಡಸಾಲೆಗೆ ತಂದ್ವಿ. ಅವ್ರು ತಲೆ ಕಡೆ, ನಾನು ಕಾಲು ಕಡೆ. ಆಮೇಲೆ ತುಳಸಿ ನೀರು ಬಿಟ್ಟೆ. ಗುಟುಕು ಕುಡೀಲಿಲ್ಲ ಕಣವ್ವ. ಕೆನ್ನೆ ಮೇಲೆ ಇಳ್ದು ಓಯ್ತು. ಆಮೇಲೆ ನಿಂಗೆ ಫೋನ್ ಮಾಡಿದ್ದು. "ಕಾವ್ಯ ಬಂದ್ಲಾ" ಅಂದ್ರು ಅಂತ ಯೋಳಿದ್ನಲ್ಲ, ಅದೊಂದು ಸುಳ್ಳಲ್ಲ. ಬೆಳಗ್ಗೆ ಚಿಲಕ ಆಕುವಾಗ ಅಂದಿದ್ರು. ನಾನು "ಬತ್ತಾಳೆ, ಕೂತ್ಕೊ" ಅಂತ ಯೋಳಿ ಓದೆ.

ಸೋಮವಾರ ಸೈನ್ ಆಕ್ಬೇಡ ಬೇಕಾದ್ರೆ. ಆ ಬೃಂದಾಗೆ ಯೋಳು, ಊರಿಗೆಲ್ಲ ಯೋಳು. ನಾನು ಬ್ಯಾಡ ಅನ್ನಲ್ಲ. ಆದ್ರೆ ಎಂಟು ವರ್ಷದ್ದೂ ಯೋಳು ಕಾವ್ಯ, ಒಂದಿನದ್ದು ಮಾತ್ರ ಯೋಳ್ಬೇಡ…

ಏನ್ ಮಾಡ್ತಿದೀಯ? ಒಳಗಿಂದ ಬಾಗ್ಲು ಯಾಕೆ ಮುಚ್ದೆ?

ಕಾವ್ಯ. ತೆಗಿ.

ಚೆಲುವರಾಜು ಬರೋ ಹೊತ್ತಾಯ್ತು. ಯಾವ ಬಣ್ಣ ಅಂತ ಕೇಳ್ತಾನೆ, ಏನಂತ ಯೋಳ್ಲಿ? ಕಾವ್ಯ… ತಳ್ಳಿದ್ರೆ ಬರ್ತಿಲ್ಲ. ಒರಗಿದೀಯಾ? ಅಲ್ಲಿ ಒರಗ್ಬೇಡ ಕಣವ್ವ, ಅಲ್ಲಿ ಬ್ಯಾಡ. ಒಂದು ಸದ್ದಾದ್ರೂ ಮಾಡು. ಬಾಗ್ಲು ತಟ್ಟು ಒಂದ್ಸಲ, ನಂಗೆ ಕೇಳಿಸ್ತದೆ.

ಚಿಲಕ ಆಕಿಲ್ಲ ನಾನು. ಮುಟ್ಟಿಲ್ಲ. ಎರಡು ಕೈಯೂ ಮಡಿಲಲ್ಲೇ ಇಟ್ಕೊಂಡಿದೀನಿ. ಇಲ್ಲೇ ಕೂತಿರ್ತೀನಿ, ನೀನು ತೆಗ್ಯೋಗಂಟ ಎಲ್ಲಿಗೂ ಓಗಲ್ಲ.