ಒಂದೇ ರೂಟರು, ಇಬ್ಬರು ವಕೀಲರು

ಲಿಫ್ಟಿಗೆ ಕಾಯುತ್ತಿದ್ದಾಗ ನನ್ನ ಮುಂದೆ ಕಟ್ಟಡದ ಮ್ಯಾನೇಜರೂ ನೆಟ್‌ವರ್ಕ್ ಇಂಜಿನಿಯರೂ ಮಾತಾಡುತ್ತಿದ್ದರು.

"ಎಲ್ಲ ಆಫೀಸಿಗೂ ಒಂದೇ ರೂಟರ್ ಸಾಕು, ಒಳಗೇ ಗೋಡೆ ಹಾಕ್ತೀನಿ ಅಂದಿದ್ರಿ."

"ಹಾಕಿದೀನಿ ಸಾರ್. ಒಬ್ಬರದು ಇನ್ನೊಬ್ಬರಿಗೆ ಕಾಣಲ್ಲ."

"ಮತ್ತೆ ಆ ವಿಚ್ಛೇದನದ ಕೇಸಲ್ಲಿ ಗಂಡ ತನ್ನ ವಕೀಲರಿಗೆ ಬರೆದ ಪತ್ರ, ಅವರು ಪ್ರಿಂಟ್ ಕೊಟ್ಟಾಗ ಹೆಂಡತಿಯ ವಕೀಲರ ಪ್ರಿಂಟರಲ್ಲಿ ಬಂತಲ್ಲ?"

"ಇಬ್ಬರನ್ನೂ ಒಂದೇ ಗೋಡೆಯೊಳಗೆ ಹಾಕಿಬಿಟ್ಟೆ ಸಾರ್. ಇಬ್ಬರೂ ವಕೀಲರು ತಾನೇ, ಒಂದೇ ಆಫೀಸು ಅಂದ್ಕೊಂಡೆ."

"ಅದರಲ್ಲಿ 'ಅವಳನ್ನ ಬಿಡೋಕೆ ಮನಸ್ಸಿಲ್ಲ' ಅಂತಿತ್ತು. ಅಲ್ಲೇ ಕೂತಿದ್ದ ಹೆಂಡತಿ ಓದಿದ್ಲು. ಇಬ್ಬರೂ ರಾಜಿ ಆಗಿ ಮನೆಗೆ ಹೋದ್ರು."

"ಒಳ್ಳೇದೇ ಆಯ್ತಲ್ಲ ಸಾರ್."

"ಅವರಿಗೆ ಆಯ್ತು. ಹಾವು ಮುಂಗುಸಿ ಥರ ಇದ್ದ ವಕೀಲರಿಬ್ಬರೂ ಈಗ ಒಂದಾಗಿ ನಮ್ಮ ಮೇಲೆ ಕೇಸು ಹಾಕ್ತಿದ್ದಾರೆ."

ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಕರಿ ಕೋಟಿನವರಿಬ್ಬರು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಮ್ಯಾನೇಜರೂ ಇಂಜಿನಿಯರೂ ಮೆಟ್ಟಿಲ ಕಡೆ ನಡೆದರು.