ತೊಂಬತ್ತೆರಡನೇ ಫ್ರೇಮು

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಗೋಕಾಗಲ್ಲ... ಇದು ಎಲ್ಲೋ ಕೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗಳು ವೈಕೆಗೆ ಆಗಿದ್ದು. ನಮ್ಮೂರು ತಾಲಿನ್ನಿನಲ್ಲೇ, ಇನ್ನೂ ರಷ್ಯದವರ ಆಳ್ವಿಕೆ ಇದ್ದ ಕಾಲ.

ಜನವರಿ. ರಾತ್ರಿ ಹನ್ನೊಂದು ದಾಟಿತ್ತು. ವೈಕೆಯೂ ಕ್ಯಾಮೆರಾ ನೋಡಿಕೊಳ್ಳುವ ಲೆಂಬಿತನೂ ಬೊಂಬೆ ಸಿನಿಮಾದ ಸ್ಟುಡಿಯೋದಿಂದ ಮನೆಗೆ ಹೊರಟಿದ್ದರು. ಬೂಟಿನಡಿ ಹಿಮ ಕರಕ್... ಕರಕ್... ಬೆಕ್ಕಿನ ಬಾವಿ ಅಂತಾರಲ್ಲ, ಹಳೇ ಪೇಟೆಯ ಆ ಬಾವಿ ಹತ್ತಿರ ಲೆಂಬಿತ್ ನಿಂತುಬಿಟ್ಟ.

“ಮೊದಲಿಂದ ಶುರು ಮಾಡು ಮಾರಾಯ್ತಿ.” ಪಿಸುದನಿ.

“ಆಗಲ್ಲ.”

“ಸತ್ತೋರು ಅರ್ಧಕ್ಕೆ ಬಿಟ್ಟ ಶಾಟ್ ಮುಟ್ಟಬಾರದು.”

“ಅವರ ತೊಂಬತ್ತೊಂದು ಫ್ರೇಮು ಕಸಕ್ಕೆ ಹಾಕ್ಲಾ? ನಿನ್ ಕೈಲಾಗುತ್ತಾ?”

ಅವನು ಟೋಪಿಯನ್ನು ಕಿವಿ ಮೇಲೆ ಎಳೆದುಕೊಂಡು ಮುಂದೆ ನಡೆದ.

ಬೊಂಬೆಯನ್ನು ಚೂರು ಚೂರೇ ಸರಿಸಿ ಒಂದೊಂದೇ ಚಿತ್ರ, ಅಂದರೆ ಫ್ರೇಮು, ತೆಗೆಯುವ ಬೊಂಬೆ ಸಿನಿಮಾದವರಲ್ಲಿ ಒಂದು ಕಟ್ಟುನಿಟ್ಟು. ಶಾಟ್ ಶುರು ಮಾಡಿದ ಕೈಯೇ ಅದನ್ನು ಮುಗಿಸಬೇಕು. ಇಲ್ಲದಿದ್ದರೆ ಬೊಂಬೆಯನ್ನು ಮೊದಲ ಜಾಗಕ್ಕೆ ತಂದು ಹೊಸದಾಗಿ ಶುರು. ವೈಕೆಗೆ ಈ ಕೆಲಸ ಕಲಿಸಿದ ಎಂಡೆಲ್ ಮೇಷ್ಟ್ರು, ಮುದುಕ ಮೀನುಗಾರನ ಬೊಂಬೆಯನ್ನು ಹೆಪ್ಪುಗಟ್ಟಿದ ಕಡಲ ಮೇಲೆ ಮನೆಯತ್ತ ನಡೆಸುತ್ತಾ ನಡೆಸುತ್ತಾ ಅಲ್ಲೇ ಕುಸಿದು ಹೋಗಿಬಿಟ್ಟಿದ್ದರು. ತೊಂಬತ್ತೊಂದು ಫ್ರೇಮು. ಪರದೆ ಮೇಲೆ ನಾಲ್ಕು ಸೆಕೆಂಡೂ ಇಲ್ಲ. ಅವರ ಕೊನೆಯ ಕೆಲಸ ಅಷ್ಟೇ... ಅದನ್ನಾದರೂ ಉಳಿಸಬೇಕು ಅಂತ ವೈಕೆಗೆ ಹಟ. ಮನೆ ಬಾಗಿಲಿಗೆ ಇನ್ನು ಐದೇ ಹೆಜ್ಜೆ.

ಮರುದಿನ ರಾತ್ರಿ ಒಬ್ಬಳೇ ಹೋದಳು. ಹಗಲು ಟ್ರಾಮಿನ ಓಡಾಟಕ್ಕೆ ಮೇಜು ಅದುರುತ್ತದೆ, ಅದಕ್ಕೇ ರಾತ್ರಿ. ಬೊಂಬೆಯ ಕಾಲನ್ನು ಚೂರೇ ಚೂರು ಸರಿಸಿದಳು. ಕೀಲು ಕಿರ್ ಅಂತು. ಹಿಂದೆ ಸರಿದು ಕ್ಯಾಮೆರಾದ ಗುಂಡಿ ಒತ್ತಿದಳು.

ಟಿಕ್.

ಮತ್ತೆ... ಟಿಕ್.

ಅವಳು ಒತ್ತಿದ್ದು ಒಂದೇ ಸಲ.

“ಮೇಷ್ಟ್ರೇ...?”

ದೀಪಗಳು ಗುಂಯ್ ಅನ್ನುತ್ತಿದ್ದವು. ಹೆದರಿ ಓಡಬೇಕಿತ್ತು ತಾನೇ? ಹುಚ್ಚಿ, ಖುಷಿಗೆ ಅತ್ತಳಂತೆ. ಬಂದಿದ್ದಾರೆ, ಕೈಜೋಡಿಸುತ್ತಿದ್ದಾರೆ ಅಂದುಕೊಂಡಳು. ಬೆಳಗಿನ ಹೊತ್ತಿಗೆ ಮುದುಕ ಬಾಗಿಲು ಮುಟ್ಟಿದ್ದ. ಅವಳು ತೆಗೆದದ್ದು ಅರವತ್ತು ಫ್ರೇಮು. ಕ್ಯಾಮೆರಾದಲ್ಲಿ ಫ್ರೇಮು ಎಣಿಸುವ ಮುಳ್ಳು ನೂರೈವತ್ತೊಂದರಲ್ಲಿ ನಿಲ್ಲಬೇಕು. ನಿಂತದ್ದು ಇನ್ನೂರ ಹನ್ನೊಂದರಲ್ಲಿ.

ವಾರದ ಮೇಲೆ ರೀಲು ತೊಳೆದು ಬಂತು. ವೈಕೆಯೂ ಲೆಂಬಿತನೂ ಇಬ್ಬರೇ ಕೂತು ನೋಡಿದರು. ತೊಂಬತ್ತೊಂದರ ತನಕ ಮುದುಕ ಚೆನ್ನಾಗಿ ನಡೆದ. ತೊಂಬತ್ತೆರಡಕ್ಕೆ... ಎರಡಾದ. ಒಂದು ಫ್ರೇಮಿನಲ್ಲಿ ಇಲ್ಲಿ, ಮುಂದಿನದರಲ್ಲಿ ಅಲ್ಲಿ. ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿದ.

ಲೆಂಬಿತ್ ಕತ್ತರಿ ತಗೊಂಡ. ಒಂದು ಬಿಟ್ಟು ಒಂದು ಫ್ರೇಮನ್ನು ಬೇರೆ ಮಾಡಿ ಎರಡು ಸುರುಳಿ ಅಂಟಿಸಿದ. ಮೊದಲನೆಯದರಲ್ಲಿ ಮುದುಕ ಐದು ಹೆಜ್ಜೆ ನಡೆದು ಮನೆ ಸೇರಿದ. ವೈಕೆ ಉಸಿರು ಬಿಟ್ಟಳು.

ಎರಡನೆಯದರಲ್ಲಿ ಮುದುಕ ಬಾಗಿಲಿಗೆ ಬೆನ್ನು ತಿರುಗಿಸಿದ. ಮೀನು ಹಿಡಿಯಲೆಂದು ಮಂಜುಗಡ್ಡೆಯಲ್ಲಿ ಕೊರೆದ ಕುಳಿಯ ಕಪ್ಪು ಬಾಯಿಯ ಕಡೆ ನಡೆದ. ಮೇಷ್ಟ್ರ ಕೈಯ ನಡಿಗೆಯೇ... ಎಡಗಾಲು ತುಸು ಎಳೆದು. ಐದನೇ ಹೆಜ್ಜೆಗೆ ಅದರ ಅಂಚಿನಲ್ಲಿ ನಿಂತ. ರೀಲು ಮುಗಿದು ಪಟಪಟ ತಿರುಗುತ್ತಿತ್ತು. ಯಾರೂ ನಿಲ್ಲಿಸಲಿಲ್ಲ.

“ಇದೇ...” ಲೆಂಬಿತ್ ಪರದೆಯತ್ತ ಬೆರಳು ಮಾಡಿದ. “ಮೇಷ್ಟ್ರು ಮೊದಲು ಬರೆದ ಕೊನೆ ಇದೇ. ಮೇಲಿನ ಅಧಿಕಾರಿಗಳು ಒಪ್ಪಲಿಲ್ಲ. ಮುದುಕನ್ನ ಮನೆ ಸೇರಿಸಿ ಅಂದ್ರು.”

“ನಂಗ್ಯಾಕೋ ಹೇಳಲಿಲ್ಲ?”

“ಹೇಳ್ಬೇಡ ಅಂದಿದ್ರು. ಪಾಪ ಹುಡುಗಿ, ಮುದುಕ ಮನೆ ಸೇರ್ತಾನೆ ಅಂತ ಅವಳಾದ್ರೂ ನಂಬ್ಕೊಂಡಿರಲಿ ಅಂತ.”

“ಹಾಗಾದ್ರೆ ನಾನು ಅವರ ಎದುರಿಗೇ ಕೂತು... ಅವರ ಮಾತು ಅಳಿಸ್ತಿದ್ದೆ.”

ಮುಂದೇನು ಆಗಬೇಕೋ ಅದೇ ಆಯಿತು. ಹಾಳಾದ ಶಾಟ್ ಅಂತ ಸ್ಟುಡಿಯೋದವರು ಬರೆದರು. ಹೊಸ ಬೊಂಬೆ, ಹೊಸ ನೆಲ, ಬೇರೆ ಯಾರದೋ ಕೈ. ಮುದುಕ ನಗುನಗುತ್ತಾ ಮನೆ ಸೇರಿದ, ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರ ತೊಂಬತ್ತೊಂದೂ, ವೈಕೆಯ ಅರವತ್ತೂ, ಆ ಇನ್ನೊಂದು ಅರವತ್ತೂ ಒಂದೇ ಕಸದ ಬುಟ್ಟಿಗೆ ಹೋದವು. ವೈಕೆ ಮತ್ತೆ ಬೊಂಬೆ ಮುಟ್ಟಲಿಲ್ಲ.

ಉಳಿದದ್ದು ಬೊಂಬೆ ನಡೆದ ಹಳೇ ನೆಲದ ಹಲಗೆ ಮಾತ್ರ. ಅದು ನಮ್ಮ ಚಿಕ್ಕಪ್ಪನ ಕೊಟ್ಟಿಗೆಯಲ್ಲಿದೆ. ಬೊಂಬೆ ಬೀಳದಿರಲಿ ಅಂತ ಹೆಜ್ಜೆ ಹೆಜ್ಜೆಗೂ ಕಾಲಡಿ ಮೊಳೆ ಹಾಕುತ್ತಾರೆ, ಅದರ ತೂತು ಉಳಿಯುತ್ತದೆ. ಬಾಗಿಲ ಕಡೆಗೆ ವೈಕೆಯ ಐದು ತೂತು ಇವೆ. ಕಪ್ಪು ಬಾಯಿಯ ಕಡೆಗೂ ಐದು.

ಮತ್ತೆ ಆರನೇದೊಂದಿದೆ, ಆ ಬಾಯಿಗೆ ಬಳಿದ ಕಪ್ಪು ಬಣ್ಣದ ಒಳಗೆ. ರೀಲಿನಲ್ಲಿ ಇಲ್ಲದ ಹೆಜ್ಜೆ. ನಾನೇ ಬೆರಳಿಟ್ಟು ನೋಡಿದ್ದೀನಿ.