ಒಮ್ಮತವಾದರೆ ಬಿಡುಗಡೆ

ಶಾಂತವ್ವನವರೇ, ಮಗಳು ನಿವೇದಿತಾ, ಹ್ಯೂಸ್ಟನ್, ಆಸ್ಟಿನ್‌ನಿಂದ ಇಷ್ಟು ದೂರ ಡಾಲಸ್‌ಗೆ ಡ್ರೈವ್ ಮಾಡಿಕೊಂಡು ಬಂದಿರೋ ಎಲ್ಲರೇ — ನಮಸ್ಕಾರ. ನಾನು ಅನಸೂಯ. ರಿಚರ್ಡ್‌ಸನ್ ಆಫೀಸಿನಲ್ಲಿ, ನಮ್ಮನ್ನೆಲ್ಲ ಅಗಲಿದ ಚನ್ನಮಲ್ಲಪ್ಪನವರ ಪಕ್ಕದ ಸೀಟು ನನ್ನದು.

ಕೆಲಸ ನೆಟ್‌ವರ್ಕಿನದು. ಆದರೆ ಅವರ ಹುಚ್ಚು — ತಾಲ್ಮುಡ್. ಯಹೂದಿಗಳ ಹಳೇ ಧರ್ಮಶಾಸ್ತ್ರ. ಅದರಲ್ಲೂ ಕೋರ್ಟಿನ ಭಾಗ. ಸಾಕ್ಷಿಗಳನ್ನ ಹೇಗೆ ವಿಚಾರಿಸಬೇಕು, ಶಿಕ್ಷೆ ಯಾವಾಗ ಕೊಡಬಾರದು — ಇದೇ ಧ್ಯಾನ. ಆಫೀಸಿನ ಗೆಳೆಯ ಎಲೈ ಜೊತೆ ಓದೋರು. ಅದನ್ನ ಇಬ್ಬರು ಕೂತು, ವಾದ ಮಾಡಿಕೊಂಡೇ ಓದಬೇಕಂತೆ. ಮೊದಲ ದಿನ ಮನೇಲಿ ಆ ಕೂಗಾಟ ಕೇಳಿ ಹೆಂಡತಿ ಶಾಂತವ್ವ ಜಗಳ ಅಂದುಕೊಂಡು, ನಡುವೆ ಗಿರ್ಮಿಟ್ ಇಟ್ಟು, "ತಿಂದು ಸಮಾಧಾನ ಆಗ್ರಿ" ಅಂದರಂತೆ!

ಎರಡು ಸಾವಿರದ ಹದಿನಾಲ್ಕು. ನಮ್ಮ ಮೂರೂ ಊರಿನ ಕನ್ನಡ ಸಂಘದವರ ನಾಟಕ — ಹ್ಯೂಸ್ಟನ್‌ನಲ್ಲಿ. ಆಸ್ಟಿನ್‌ನ ಪ್ರಭಂಜನ ವೇಷಭೂಷಣಾನೆಲ್ಲ ಕಾರಿಗೆ ತುಂಬಿಕೊಂಡು ಹೊರಟ — ತಲುಪಿದ್ದು ಡಾಲಸ್! ಅಲ್ಲಿ ಹ್ಯೂಸ್ಟನ್‌ನಲ್ಲಿ ದುರ್ಯೋಧನ ಜೀನ್ಸ್ ಪ್ಯಾಂಟಿನಲ್ಲೇ ತೊಡೆ ತಟ್ಟಿದ.

ಮರುವಾರ ಇರ್ವಿಂಗ್‌ನಲ್ಲಿ ಸಮಿತಿ ಸೇರಿತು. ಪ್ರಭಂಜನನನ್ನ ಸಂಘದಿಂದಲೇ ತೆಗೀಬೇಕು ಅಂದರು ಅಧ್ಯಕ್ಷ ರಾಜಗೋಪಾಲ ಅವರು. ಸಮಿತಿಯವರೆಲ್ಲ ಕೈ ಎತ್ತಿದರು. ಪ್ರಭಂಜನ ತಲೆ ತಗ್ಗಿಸಿ ಕೂತಿದ್ದ. ಹೆಂಡತಿ ಕಣ್ಣೊರೆಸಿಕೊಳ್ತಿದ್ದಳು. ಸಮಿತಿಗೆ ಸೇರದ, ಬರೀ ಚಹಾಕ್ಕೆ ಬಂದಿದ್ದ ಚನ್ನಮಲ್ಲಪ್ಪನವರು — ಹೀಗೆ, ಕಪ್ಪು ಹಿಡಿದುಕೊಂಡೇ — ಎದ್ದು ನಿಂತರು.

"ಎಲ್ಲಾರೂ ಒಂದ ಮಾತು ಅಂದ್ರ, ಆಂವನ ಪರ ಯಾರೂ ವಿಚಾರನ ಮಾಡಿಲ್ಲ ಅಂತ ಆತು. ಆ ತಾಲ್ಮುಡ್ ಕೋರ್ಟಿನಾಗ ಹಂಗಾದ್ರ ಕೊಲೆ ಆರೋಪಿನೂ ಬಿಟ್ಟಬಿಡ್ತಾರ್ರೀ."

ಇದೇನು ಕೊಲೆ ಕೇಸೇ ಅಂತ ಅಧ್ಯಕ್ಷರು ರೇಗಿದರು.

"ಕೊಲೆ ಮಾಡಿದಾಂವಗ ಇಷ್ಟು ಅವಕಾಶ ಐತಿ. ಕಿರೀಟ ತಪ್ಪಿಸಿದಾಂವಗ ಇಲ್ಲೇನ್ರಿ?"

ಆಮೇಲೆ ಅಷ್ಟೂ ಜನರನ್ನ, ಅಧ್ಯಕ್ಷರನ್ನೂ ಸೇರಿಸಿ, ಪಾರ್ಕಿಂಗ್ ಲಾಟಿನ ಬಿಸಿಲಿಗೆ ಕಳಿಸಿದರು. ಸಾಕ್ಷಿಗಳನ್ನ ಬೇರೆಬೇರೆಯಾಗೇ ವಿಚಾರಿಸಬೇಕಂತೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಒಂದೇ ಪ್ರಶ್ನೆ — ನಾಟಕ ಡಾಲಸ್‌ನಿಂದ ಹ್ಯೂಸ್ಟನ್‌ಗೆ ಶಿಫ್ಟ್ ಆಗಿದೆ ಅಂತ ಇವನಿಗೆ ಹೇಳಿದ್ದು ಯಾರು? ಎಲ್ಲರದೂ ಒಂದೇ ಉತ್ತರ — ಬೇರೆ ಯಾರೋ ಹೇಳಿರಬೇಕು.

ಯಾರೂ ಹೇಳಿರಲಿಲ್ಲ.

ಬೆವರು ಒರೆಸಿಕೊಳ್ತಾ ಒಳಗೆ ಬಂದ ರಾಜಗೋಪಾಲ ಅವರು ಸೀದಾ ಹೋಗಿ ಪ್ರಭಂಜನನ ಕೈ ಹಿಡಿದುಕೊಂಡರು. ಚನ್ನಮಲ್ಲಪ್ಪನವರು ಚಹಾ ಆರಿತು ಅಂತ ಬೈತಾ ಇದ್ದರು.

ಇವತ್ತು ಪ್ರಭಂಜನ ಎಲ್ಲರಿಗಿಂತ ಮೊದಲೇ ಬಂದ. ನೀವು ಕೂತಿರೋ ಕುರ್ಚಿ ಒಂದೊಂದನ್ನೂ ಹಾಕಿದ್ದು ಅವನೇ. ಬೇರೆ ಯಾರನ್ನೂ ಮುಟ್ಟೋಕೆ ಬಿಡಲಿಲ್ಲ.

ದಯವಿಟ್ಟು — ಆ ಕುರ್ಚಿಗಳಿಂದ ಏಳೋಣ. ಸ್ವಲ್ಪ ಹೊತ್ತು, ಮಾತಿಲ್ಲದೆ, ಚನ್ನಮಲ್ಲಪ್ಪನವರಿಗಾಗಿ ನಿಲ್ಲೋಣ.